ಬಾಗಿಲಾಚೆ ಕೇಳಿಸಿದ ಮಾತು

ಜೂನ್ ೧೧, ಗುರುವಾರ

ಊಟ ಸೇರಲಿಲ್ಲ. ಮಹಿಳೆಯರ ಹಕ್ಕಿಗೆಂದೇ ದೇಣಿಗೆ ಎತ್ತುವ ನಮ್ಮ ಸಂಸ್ಥೆಯಲ್ಲಿ ಇವತ್ತು ನಡೆದದ್ದು ನೆನೆದರೆ ಮೈ ಉರಿಯುತ್ತದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಗಂಡಸರಷ್ಟೇ ಕೂಲಿ ಬೇಕೆಂದು ಮುಷ್ಕರ ಹೂಡಿದ್ದಾರೆ. ಅದು ಮುಗಿಯುವವರೆಗೆ ಮನೆಯ ಒಲೆ ಆರದಿರಲೆಂದು ನಮ್ಮ ನೆರವು ಕೇಳಿದ್ದರು. ಅವರ ಮುಂದಾಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಸಭೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಜಗಳಕ್ಕೆಲ್ಲ ದುಡ್ಡು ಕೊಟ್ರೆ ದಾನಿಗಳು ಏನಂದ್ಕೋತಾರೆ? ಹೊಲಿಗೆ ಕಲಿಸೋಣ ಬಿಡು," ಎಂದರು ಅಧ್ಯಕ್ಷೆ.

"ಅವರಿಗೆ ಕೆಲಸ ಇದೆ ಮೇಡಂ, ಸರಿಯಾದ ಕೂಲಿ ಇಲ್ಲ. ಈ ಮಾತನ್ನ ಅವಳ ಮುಖ ನೋಡಿ ಹೇಳಿ," ಎಂದು ನಾನೇ ಎದ್ದು ಹೋಗಿ ಅವಳನ್ನು ಒಳಗೆ ಕರೆತಂದೆ.

ಅಧ್ಯಕ್ಷೆ ಮುಂದಿದ್ದ ಕಾಗದ ಜೋಡಿಸತೊಡಗಿದರು. "ನೋಡೋಣಮ್ಮ," ಎಂದರು.

"ಎಲ್ಲ ಕೇಳಿಸ್ತು ಅಮ್ಮ," ಎಂದಳು ಅವಳು. "ನಾವು ಗೆದ್ದ ಮೇಲೆ ಫೋಟೋ ತೆಗೆಯೋಕೆ ಮಾತ್ರ ಬರಬೇಡಿ."

ಅವಳು ಹೋದ ಮೇಲೆ ನನಗೆ ಬುದ್ಧಿಮಾತು. ಇಂಥವರನ್ನು ಒಳಗೆ ಬಿಡಬಾರದಂತೆ. ಇಂಥವರ ಹೆಸರು ಹೇಳಿಕೊಂಡೇ ಕಟ್ಟಿದ ಕಟ್ಟಡದೊಳಗೆ.

ರಾಜೀನಾಮೆ ಬರೆದೆ, ಹರಿದು ಹಾಕಿದೆ. ನಾನು ಬಿಟ್ಟರೆ ಅವರಿಗೇ ನಿರಾಳ. ನಾಳೆ ಆ ಹೆಂಗಸರೆಲ್ಲರನ್ನೂ ಅದೇ ಸಭೆಯ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಕುರ್ಚಿ ಸಾಲದಿದ್ದರೆ ಅಧ್ಯಕ್ಷೆ ನಿಂತುಕೊಂಡೇ ಕೇಳಲಿ.