ಸೌಲ ಅರಸನ ಕುರಿಗಳು

ಬೀದರ್, ೬ ನವೆಂಬರ್ ೧೯೪೮, ಶನಿವಾರ

ಚರ್ಚಿನ ಬೇವಿನ ಮರಕ್ಕೆ ಕಟ್ಟಿದ ಟಗರು ಇನ್ನೂ ಅರಚುತ್ತಲೇ ಇದೆ. ನಾಳೆ ಸುಗ್ಗಿ ಕಾಣಿಕೆಯ ಹರಾಜಿಗೆಂದು ಬಕ್ಕಪ್ಪ, ಅವನ ಹೆಂಡತಿ ಗಂಗುಬಾಯಿ ಸಂಜೆ ಹಳ್ಳಿಯಿಂದ ಅದನ್ನು ಹೊಡೆದುಕೊಂಡು ಬಂದರು.

ಟಗರು ಯಾರದೆಂದು ಕೇಳಿದೆ.

“ಬಾಜು ಮನಿ ಮೌಲಾಸಾಬಂದ್ರಿ ಪಾದ್ರಿಸಾಬ್ರ. ದೇವ್ರಿಗಂತ ಛಲೋದು ಆರಿಸಿ ತಂದೀನ್ರಿ,” ಎಂದ ಬಕ್ಕಪ್ಪ.

ಸೆಪ್ಟೆಂಬರಿನಲ್ಲಿ ನಿಜಾಮನನ್ನು ಇಳಿಸಲು ಇಂಡಿಯಾದ ದಂಡು ಬಂದ ವಾರ ಅವರ ಊರವರೇ ಮೌಲಾಸಾಬನನ್ನೂ ಅವನ ಮಕ್ಕಳನ್ನೂ ಕೊಂದು, ಕುರಿಗಳನ್ನು ಹಂಚಿಕೊಂಡರು. ನನಗೆ ಮೈ ಉರಿಯಿತು. ಇಸ್ರಾಯೇಲಿನ ಸೌಲ ಅರಸನೂ ಹೀಗೇ ಹೇಳಿದ್ದ ಎಂದೆ. ವೈರಿ ಜನ ಅಮಾಲೇಕ್ಯರದ್ದೇನನ್ನೂ ಉಳಿಸಬೇಡವೆಂದು ದೇವರು ಹೇಳಿದ್ದರೂ ಕೊಬ್ಬಿದ ಕುರಿಗಳನ್ನು ಇಟ್ಟುಕೊಂಡ, ಕೇಳಿದರೆ ದೇವರ ಬಲಿಗೆ ಎಂದ. ಆ ಕುರಿಗಳ ಕೂಗು ಪ್ರವಾದಿ ಸಮುವೇಲನ ಕಿವಿಗೆ ಬಿತ್ತು, ಸೌಲನ ಅರಸುತನ ಹೋಯಿತು.

ಬಕ್ಕಪ್ಪ ತಲೆ ತಗ್ಗಿಸಿದ. ಗಂಗುಬಾಯಿ ತಗ್ಗಿಸಲಿಲ್ಲ.

“ಆ ಕುರಿ ಸಾಕಿದ ಮಂದಿ ಏನಾದ್ರು?”

“ಸೌಲ ಕೊಂದಿದ್ದ.”

“ಕೂಸುಗೋಳಿಗಿನೂ?”

“ಹೂಂ.”

“ಹಂಗಾರ ದೇವ್ರು ಸಿಟ್ಟಾಗಿದ್ದು ಕುರಿ ಉಳಿಸಿದ್ದಕ್ಕೇನ್ರಿ?”

ಅವರು ಹೋದ ಮೇಲೆ ದೀಪ ಹಚ್ಚಿ ಬೈಬಲಿನ ಆ ಅಧ್ಯಾಯ ಮತ್ತೆ ಓದಿದೆ. ಕೂಸುಗಳ ಮಾತು ಬರುವುದು ಒಂದೇ ಸಾಲಿನಲ್ಲಿ, ಕೊಲ್ಲು ಎಂಬ ದೇವರ ಅಪ್ಪಣೆಯಲ್ಲಿ. ಸಮುವೇಲ ಕೇಳಿದ್ದೂ ಕುರಿಗಳ ಬಗ್ಗೆಯೇ. ನಾಳೆ ಇದನ್ನೇ ಬೋಧಿಸಬೇಕೆಂದಿದ್ದೆ, ಇನ್ನು ಯಾವ ಮುಖ ಹೊತ್ತು ನಿಲ್ಲಲಿ?

ದಂಡು ಬಂದು ಹೋದ ಮೇಲೂ ಬಕ್ಕಪ್ಪ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಮೌಲಾಸಾಬನ ಮಕ್ಕಳ ವಿಷಯ ನಾನು ಒಮ್ಮೆಯೂ ಎತ್ತಲಿಲ್ಲ. ಟಗರು ಕಂಡ ಮೇಲೆ ನನಗೆ ಬಾಯಿ ಬಂತು.