ಇನ್ನೇನು, ಆಯ್ತು

ಅಕ್ಟೋಬರ್ 3, ಬೆಳಿಗ್ಗೆ. ಅಂಬಾತೊ
ಡಯಾಲಿಸಿಸ್ ಯಂತ್ರಗಳನ್ನು ತೊಳೆದಾಯಿತು. ಮೊದಲ ಕುರ್ಚಿಯಲ್ಲಿ ಎಂದಿನಂತೆ ನಮ್ಮ ಅತಿ ಹಿರಿಯ ಪೇಷಂಟ್ ಸೊಯ್ಲಮ್ಮ. ಕಟ್ಟಡ ಮಾರಿದ್ದಾರೆ, ನವೆಂಬರ್ ಮುಗಿಯುವುದರೊಳಗೆ ಕ್ಲಿನಿಕ್ ಖಾಲಿ ಮಾಡಬೇಕು. ಹೊಸ ಜಾಗ ದೊನ್ ಹೆರಿಬರ್ತೊ ಅವರ ಮನೆಯ ಕೆಳಗಿನ ಭಾಗ. ಅವರ ಹೆಂಡತಿ ಲಾಸ್ತೇನಿಯಾ ನನ್ನ ಮೊದಲ ಪೇಷಂಟ್. ಆಕೆಯನ್ನು ಮಣ್ಣು ಮಾಡಿದ ದಿನ, ಜಾಗ ಕೊಡುತ್ತೇನೆಂದು ತಾವಾಗಿ ಮಾತು ಕೊಟ್ಟಿದ್ದರು. ಕರಾರುಪತ್ರಕ್ಕೆ ಸಹಿ ಕೇಳಿದೆ. “ಇನ್ನೇನು ಡಾಕ್ಟ್ರಮ್ಮ, ಆಯ್ತು ಅಂದ್ಕೊಳ್ಳಿ” ಅಂದರು. ಕಾಫಿ ಕೊಟ್ಟರು.

ಅಕ್ಟೋಬರ್ 19
ದೊನ್ ಹೆರಿಬರ್ತೊ ಅವರಿಂದ ಮತ್ತೆ ‘ಇನ್ನೇನು’. ನಮ್ಮೂರಲ್ಲಿ ಅದಕ್ಕೆ ಈ ಕ್ಷಣ ಎಂದೂ ಅರ್ಥ, ಮುಂದಿನ ವರ್ಷ ಎಂದೂ ಅರ್ಥ. ಮುಖಕ್ಕೆ ಇಲ್ಲ ಎನ್ನುವವರು ಇಲ್ಲಿ ಹುಟ್ಟಿಲ್ಲ. ಬಸ್ ನಿಲ್ದಾಣದ ಹತ್ತಿರ ಜಾಗವಿದೆ, ನೋಡಿ ಎಂದಳು ನರ್ಸ್ ಹಿಮೆನಾ. ಬೇಡವೆಂದೆ. ಚುಚ್ಚಿದಳು: “ಸೂಜಿ ಚುಚ್ಚೋಕೆ ಕೈ ನಡುಗಲ್ಲ, ಸಹಿ ಕೇಳೋಕೆ ಮಾತ್ರ ಬಾಯಿ ಬರಲ್ಲ ನಿಮಗೆ.” ಹೆಂಡತಿ ಸತ್ತ ಮನುಷ್ಯನ ಕುತ್ತಿಗೆ ಮೇಲೆ ಕೂರಲೇ?

ನವೆಂಬರ್ 2
ಸತ್ತವರ ಹಬ್ಬ. ಇವತ್ತು ಖಡಾಖಂಡಿತವಾಗಿ ಕೇಳಲೇಬೇಕೆಂದು ಅವರ ಮನೆಗೆ ಹೋದೆ. ಹಬ್ಬಕ್ಕೆಂದೇ ಮಾಡುವ ಹಣ್ಣಿನ ಕೆನ್ನೀಲಿ ಗಂಜಿ, ಮಗುವಿನಾಕಾರದ ಬ್ರೆಡ್. ನಾವಿಬ್ಬರೇ, ಬಟ್ಟಲು ಮಾತ್ರ ಮೂರು. ಆಮೇಲೆ ಕೆಳಗೆ ಕರೆದೊಯ್ದರು. ಲಾಸ್ತೇನಿಯಾ ಅವರ ಮಂಚ. ಹಾಸಿದ ಹಾಸಿಗೆ ಹಾಗೇ ಇದೆ. ಅಡಿಯಲ್ಲಿ ಚಪ್ಪಲಿ.

“ಹೊದಿಕೆ ಮಡಚೋಣ ಅಂತ ದಿನಾ ಇಳಿದು ಬರ್ತೀನಿ. ಆಗಲ್ಲ ಡಾಕ್ಟ್ರಮ್ಮ. ನಿಮಗೆ ಇಲ್ಲ ಅನ್ನೋಕೂ ಆಗ್ಲಿಲ್ಲ.”

ಸಿಟ್ಟು ಬಂತು. ಅಳುವೂ ಬಂತು. ಇದನ್ನು ಒಂದು ತಿಂಗಳ ಹಿಂದೆ ಹೇಳಿದ್ದರೆ... ಕರಾರುಪತ್ರ ಚೀಲದಿಂದ ಆಚೆ ತೆಗೆಯಲೇ ಇಲ್ಲ.

ನವೆಂಬರ್ 24
ಬಸ್ ನಿಲ್ದಾಣದ ಜಾಗಕ್ಕೆ ಚಪ್ಪಲಿ ಅಂಗಡಿ ಬಂದಿದೆ. ಬೇರೆ ಎಲ್ಲೂ ಸಿಗಲಿಲ್ಲ. ಊರಿನ ಉಳಿದ ಡಯಾಲಿಸಿಸ್ ಕೇಂದ್ರಗಳಲ್ಲಿ ಕುರ್ಚಿ ಖಾಲಿ ಇಲ್ಲ. ಉಳಿದ ಪೇಷಂಟ್‌ಗಳಿಗೆಲ್ಲ ರಾಜಧಾನಿ ಕೀತೊದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಬೆಟ್ಟದ ದಾರಿ, ಹೋಗಿಬರುವುದರಲ್ಲಿ ದಿನ ಮುಗಿಯುತ್ತದೆ. ಸೊಯ್ಲಮ್ಮನ ದೇಹ ಅದನ್ನು ತಡೆಯದು. ಅವರೊಬ್ಬರಿಗೆ ಇನ್ನೂ ಹೇಳಿಲ್ಲ.

ನವೆಂಬರ್ 28
ಕೊನೆಯ ದಿನ. ಸೂಜಿ ತೆಗೆದೆ. ಸೊಯ್ಲಮ್ಮ ಸ್ವೆಟರ್ ತೋಳು ಇಳಿಸಿಕೊಳ್ಳುತ್ತಾ ಕೇಳಿದರು — “ಹೊಸ ಜಾಗದಲ್ಲಿ ಕಿಟಕಿ ಪಕ್ಕದ ಕುರ್ಚಿ ನಂದೇ ಅಲ್ವಾ ಮಗಳೇ? ಯಾವಾಗ ಶುರು?”

ಹೇಳಬೇಕಿತ್ತು. ಹೇಳಲೆಂದೇ ಪಕ್ಕದಲ್ಲಿ ಕೂತದ್ದು. ಹಿಮೆನಾ ನನ್ನನ್ನೇ ನೋಡುತ್ತಿದ್ದಳು. ಸೊಯ್ಲಮ್ಮನ ಕೈ ತಣ್ಣಗಿತ್ತು, ಹಿಡಿದುಕೊಂಡೆ. ನನ್ನ ಬಾಯಿಂದ ಬಂದದ್ದು —

“ಇನ್ನೇನು, ಅಮ್ಮ... ಇನ್ನೇನು.”