ಇಲ್ಲದ ಪುಟದ ಕುರಿಮರಿ

ಉಡುತಡಿ
೧೮ ಫೆಬ್ರವರಿ ೨೦೨೫

ಗೆಳೆಯ ಗಂಗಾಧರಪ್ಪನಿಗೆ ಉಜ್ಜಪ್ಪನ ನಮಸ್ಕಾರ.

ಬಹುಮಾನ ಬಂದ ನಿನ್ನ ಮಗಳು ಶೃತಿಯ ಗೊಂಬೆ ಕಾರ್ಟೂನ್ ಸಿನಿಮಾ ಹನ್ನೊಂದೇ ನಿಮಿಷ. ನನಗೆ ಬಿದ್ದ ಖರ್ಚು ಕೇಳು: ಒಂದು ಕುರಿಸಂತೆ ತಪ್ಪಿತು, ಶೃತಿಗೆ ಶಾಲು, ಸಿನಿಮಾ ತೋರಿಸಿದ ಸೊರಬದವರೆಗೆ ಬಸ್ ಚಾರ್ಜು (ನನ್ನೊಬ್ಬನದೇ, ಮಗಳು ಸುಮಾಗೆ ಸರ್ಕಾರಿ ಬಸ್ಸು ಪುಕ್ಕಟೆ), ಆಮೇಲೆ ಎರಡು ವಾರದ ನಿದ್ದೆ. ಕಾಗದ ತಡವಾಗಿದ್ದು ಆ ಕೊನೇ ಬಾಬ್ತಿನಿಂದ. ಫೋನ್ ಮಾಡಬಹುದಿತ್ತು, ನೀನು ನಡುವೆ ಬಾಯಿ ಹಾಕ್ತೀಯ.

ಸಿನಿಮಾ ಚೆನ್ನಾಗಿತ್ತು. ಇಲ್ಲ ಅನ್ನೋಕೆ ಬಹಳ ಪ್ರಯತ್ನಪಟ್ಟೆ. ಉಣ್ಣೆಯ ಆ ಗೊಂಬೆಮರಿ ಕಿವಿ ಒದರಿದಾಗ ನಮ್ಮ ಕುರಿಹಟ್ಟಿಯದೇ ಅನ್ನಿಸಿತು. ಶಿಕಾರಿಪುರದ ಶಾಲೇಲಿ ನಾವು ಓದಿದ್ದ ಅದೇ ಹಳೇ ಮಕ್ಕಳ ಕಾದಂಬರಿ, ತಬ್ಬಲಿ ಮರಿ ತಾಯಿ ಹುಡುಕಿ ಅಲೆಯೋದು. ಸಿನಿಮಾದ ಕೊನೆಗೆ ಒಬ್ಬ ಅಜ್ಜ ಸತ್ತ ಮರಿಯ ತೊಗಲನ್ನ ತಬ್ಬಲಿಗೆ ಹೊದಿಸಿ, ಮರಿ ಕಳಕೊಂಡ ಕುರಿಯ ಹತ್ತಿರ ಬಿಡ್ತಾನೆ. ಕುರಿ ಮೂಸ್ತದೆ, ಒಮ್ಮೆ ಗುದ್ದುತ್ತದೆ, ಆಮೇಲೆ ಹಾಲು ಕೊಡ್ತದೆ. ಇಡೀ ಸಭೆ ಮೂಗು ಒರೆಸಿಕೊಂಡಿತು.

ಆಗ ಒಬ್ಬ ಮೇಷ್ಟ್ರು ಎದ್ದು, "ಪುಸ್ತಕದಲ್ಲಿ ಮರಿ ಒಂಟಿಯಾಗೇ ಉಳೀತದಲ್ರೀ?" ಅಂದರು. ಶೃತಿ, "ನಮ್ಮಪ್ಪ ಹೀಗೇ ಹೇಳಿದ್ದು" ಅಂದಳು. ಚಪ್ಪಾಳೆ ಬಿತ್ತು. ನೀನು ಎದ್ದು ಕೈ ಮುಗಿದೆ.

ಗಂಗಾಧರ, ಆ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದವನು ನಾನು. ಕೊನೇ ಪುಟಗಳು ಹರಿದಿದ್ದವು. ನಿನ್ನ ಕಣ್ಣು ಆಗಲೇ ತುಂಬಿತ್ತು. ಇಲ್ಲದ ಪುಟ ತಿರುವಿದ ಹಾಗೆ ಮಾಡಿ, ನಮ್ಮಪ್ಪ ಹಟ್ಟೀಲಿ ಮಾಡುತ್ತಿದ್ದದ್ದನ್ನೇ ಓದಿಬಿಟ್ಟೆ. ಜವಳಿ ಅಂಗಡಿಯವರ ಮಗ, ನೀನು ನಂಬಿದೆ. ಕದ್ದೆ ಅಂತ ಬೈಯೋಣ ಅಂದರೆ ನೀನು ಕದ್ದಿಲ್ಲ. ಹೊಟ್ಟೆ ಉರಿಯೋದೇ ಅದಕ್ಕೆ.

ಶೃತಿಗೆ ಆಶೀರ್ವಾದ. ಇನ್ನೂ ಹತ್ತು ಸಿನಿಮಾ ಮಾಡಲಿ, ಕೊನೆ ಯಾವುದು ಅಂತ ನನ್ನನ್ನ ಕೇಳಲಿ. ನೀನೂ ನೂರು ವರ್ಷ ಬಾಳು.

ನಿನ್ನ,
ಉಜ್ಜಪ್ಪ

ಬರೆಯೋದು ಬೇಡ ಅಂದುಕೊಂಡಿದ್ದೆ: ವಾಪಸ್ ಬರುವಾಗ ಬಸ್ಸಲ್ಲಿ ಸುಮಾ, "ಗಂಗಾಧರ ಕಾಕಾನ ಹಂಗೆ ನೀನೂ ನಂಗೆ ಒಂದು ಕತೆ ಹೇಳಿದ್ದಿದ್ರೆ..." ಅಂದಳು. "ಅದು ನಂದೇ ಕಣವ್ವ" ಅಂದೆ. "ಸುಮ್ನಿರಪ್ಪ, ಅವರ ಕತೆಗೂ ಸಂತೇಲಿ ಕಟ್ಟಿದಂಗೆ ರೇಟು ಕಟ್ಟಬೇಡ" ಅಂತ ನಕ್ಕಳು. ಅವಳು ಚಿಕ್ಕವಳಿದ್ದಾಗ ನಾನು ಸಂತೆಯಿಂದ ಸಂತೆಗೆ ತಿರುಗ್ತಿದ್ದೆ, ಯಾವತ್ತೂ ಅವಳಿಗೆ ಕತೆ ಹೇಳಿರಲಿಲ್ಲ.

ಕೂಡಿ ಕಳೆದರೆ ಇಷ್ಟು: ಶೃತಿಗೆ ಬಹುಮಾನ, ನಿನಗೆ ಚಪ್ಪಾಳೆ, ಮರಿಗೆ ತಾಯಿ. ನನಗೆ, ಉಡುತಡಿ ಬರೋತನಕ ಕಿಟಕಿ ಕಡೆ ತಿರುಗಿದ್ದ ಮಗಳ ಜಡೆ.